ಒಂಬತ್ತೂವರೆ ಸೆಕೆಂಡಿನ ಕೀರ್ತಿ

2020ರ ಫೆಬ್ರವರಿ 1ರಂದು ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರಿನ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಆ ಓಟ ದೊಡ್ಡದು. ಅದರ ಮೇಲೆ ಎಬ್ಬಿಸಿದ ಕೀರ್ತಿಗೆ ಮಾತ್ರ ಬುಡವಿಲ್ಲ. ನೂರು ಮೀಟರಿಗೆ ಇಳಿಸಿ 9.55 ಸೆಕೆಂಡು ಎಂದರು, ಉಸೇನ್ ಬೋಲ್ಟನ 9.58ರ ಪಕ್ಕ ಇಟ್ಟರು, ದೇಶವೆಲ್ಲ ಕೂಗಿತು, ಆಗಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಪರೀಕ್ಷೆಗೆ ಕರೆದರು, ಮುಖ್ಯಮಂತ್ರಿ ಯಡಿಯೂರಪ್ಪನವರು 3 ಲಕ್ಷ ರೂಪಾಯಿ ಕೊಟ್ಟು ಸನ್ಮಾನಿಸಿದರು. ಸನ್ಮಾನಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಅಂದು ಹುಟ್ಟಿದ ಅಳತೆಯ ಬಗ್ಗೆ. ಕಂಬಳದ ಒಂದು ದಿನದಲ್ಲಿ ಯಾವ ಜೊತೆ ಮೇಲು, ಯಾವ ಓಟಗಾರ ಮೇಲು ಎಂದು ತೂಗುವ ಕೆಲಸವನ್ನೇ ಅದು ಕೆಡಿಸಿದೆ.

2014ರ ಸುಪ್ರೀಂ ಕೋರ್ಟ್ ತೀರ್ಪು, 2017ರ ತಿದ್ದುಪಡಿ, 2023ರ ಮೇ 18ರಂದು ಸಂವಿಧಾನ ಪೀಠ ಕೊಟ್ಟ ಒಪ್ಪಿಗೆ, ಇವೆಲ್ಲ ಓದುಗರಿಗೆ ತಿಳಿದದ್ದೇ. ಗಂತು ಎಂದರೇನು, ಮಂಜೊಟ್ಟಿ ಯಾವುದು ಎಂದೂ ಬಿಡಿಸಿ ಹೇಳಬೇಕಾಗಿಲ್ಲ. ನೇರವಾಗಿ ಆ ಅಂಕಿಗೆ ಬರುತ್ತೇನೆ.

13.62ನ್ನು 142.5ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 9.558 ಬರುತ್ತದೆ. ಎರಡು ದಶಮಾಂಶಕ್ಕೆ ತಂದರೆ 9.56. ಅಚ್ಚಾದದ್ದು 9.55. ಎರಡು ವಾರದ ಬಳಿಕ ವೇಣೂರಿನ ಸೂರ್ಯ-ಚಂದ್ರ ಜೋಡುಕರೆಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಮುಗಿಸಿದರು. ಅದರ ಲೆಕ್ಕ 9.517, ಅಂದರೆ 9.52. ಅಚ್ಚಾದದ್ದು 9.51. ಎರಡು ಸಲವೂ ಬಾಲ ಕತ್ತರಿಸಿದ್ದು ದಾಖಲೆಯ ಕಡೆಗೇ. ಸೆಕೆಂಡಿನ ನೂರನೇ ಒಂದು ಪಾಲು ಎಂದರೆ ಅಲ್ಪ, ನಿಜ. ಆದರೆ ಇಡೀ ಗದ್ದಲವೇ ನೂರನೇ ಮೂರು ಪಾಲಿನ ಅಂತರದ ಮೇಲೆ ನಿಂತಿತ್ತು. ಆ ಮೂರರಲ್ಲಿ ಒಂದನ್ನು ಲೆಕ್ಕ ಬರೆದವರೇ ಕೈಯಿಂದ ಸೇರಿಸಿದ್ದಾರೆ.

ಇದಕ್ಕಿಂತ ದೊಡ್ಡ ತಪ್ಪು ಇಳಿಸುವ ಕ್ರಮದಲ್ಲೇ ಇದೆ. ಓಡುವವನ ವೇಗ ಮೊದಲ ಹೆಜ್ಜೆಯಿಂದ ಕೊನೆಯ ಹೆಜ್ಜೆಯವರೆಗೆ ಒಂದೇ ಸಮ ಇರುವುದಿಲ್ಲ. 2009ರ ಆಗಸ್ಟ್ 16ರಂದು ಬರ್ಲಿನ್‌ನಲ್ಲಿ ಬೋಲ್ಟ್ ಆ 9.58 ಓಡಿದಾಗ ಮೊದಲ ಹತ್ತು ಮೀಟರಿಗೇ 1.89 ಸೆಕೆಂಡು ಬೇಕಾಯಿತು. ಅರವತ್ತರಿಂದ ಎಂಬತ್ತರವರೆಗಿನ ಇಪ್ಪತ್ತು ಮೀಟರಿಗೆ 1.61 ಸಾಕಾಯಿತು. ನಿಂತಲ್ಲಿಂದ ಎದ್ದು ವೇಗ ಹಿಡಿಯುವ ಆ ಸಾಲವನ್ನು ನೂರು ಮೀಟರಿನೊಳಗೇ ತೀರಿಸಬೇಕು. 142.5 ಮೀಟರಿನಲ್ಲಿ ಅದೇ ಸಾಲವನ್ನು ತೀರಿಸಲು ಇನ್ನೂ ನಲವತ್ತೆರಡೂವರೆ ಮೀಟರು ಸಿಗುತ್ತದೆ. ಇಷ್ಟು ಉದ್ದದ ಓಟವನ್ನು ಸರಾಸರಿ ಮಾಡಿ ನೂರು ಮೀಟರಿಗೆ ಇಳಿಸಿದರೆ ಉದ್ದ ಓಡಿದವನಿಗೇ ಲಾಭ.

ಐಕಳದ ಓಟದ ಪಕ್ಕ ಬೋಲ್ಟನನ್ನು ಇಡಲೇಬೇಕು ಎನ್ನುವವರಿಗೆ ಸರಿಯಾದ ಓಟ ಬೇರೆಯೇ ಇತ್ತು. ಅದೇ 2009ರ ಮೇ 17ರಂದು ಮ್ಯಾಂಚೆಸ್ಟರಿನ ಡೀನ್ಸ್‌ಗೇಟ್ ರಸ್ತೆಯ ಮೇಲೆ ಹಾಸಿದ ನೇರ ಪಥದಲ್ಲಿ ಅವನು 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದ. ನಮ್ಮವರ ಭಾಗಾಕಾರವನ್ನೇ ಅದಕ್ಕೆ ಹಚ್ಚಿದರೆ 142.5 ಮೀಟರಿಗೆ 13.63 ಸೆಕೆಂಡು, ನೂರಕ್ಕೆ 9.57. ಐಕಳದ ಅಂಕಿಗೂ ಇದಕ್ಕೂ ಇರುವುದು ಕೂದಲೆಳೆಯ ಅಂತರ. ಆ ದಿನ ಬೋಲ್ಟನ ಕೊನೆಯ ನೂರು ಮೀಟರಿಗೆ ತಗುಲಿದ್ದು 8.70. ಅದನ್ನು ಯಾರೂ ನೂರು ಮೀಟರಿನ ದಾಖಲೆ ಎಂದು ಕರೆಯಲಿಲ್ಲ, ಕರೆಯುವಂತೆಯೂ ಇರಲಿಲ್ಲ. ಬೋಲ್ಟನನ್ನು ಮೀರಿದ ಓಟಗಾರ ಎಂಬ ತಲೆಬರಹ ಬರೆದವರು ಈ ಒಂದು ಓಟವನ್ನು ಹುಡುಕಿ ನೋಡಿದ್ದರೆ ಸಾಕಿತ್ತು.

ಇಷ್ಟು ಹೇಳಿದೊಡನೆ ಇನ್ನೊಂದು ಪಂಗಡ ಎದ್ದು ನಿಲ್ಲುತ್ತದೆ: ಓಡುವುದೆಲ್ಲ ಕೋಣ, ಮನುಷ್ಯನನ್ನು ಅವು ಎಳೆದುಕೊಂಡು ಹೋಗುತ್ತವೆ ಅಷ್ಟೆ ಎಂದು. ಅಥ್ಲೆಟಿಕ್ಸ್ ಬಲ್ಲವರು ಕೂಡ ಆ ವರ್ಷ ಇದನ್ನೇ ಹೇಳಿದರು. ಇವರೊಡನೆ ನನ್ನ ಜಗಳ ಮೊದಲಿನವರ ಜೊತೆಗಿನದಕ್ಕಿಂತ ದೊಡ್ಡದು. ಹೊಗಳಿದವರು ಕಡೇಪಕ್ಷ ಓಟವನ್ನು ಕಣ್ಣುಬಿಟ್ಟು ನೋಡಿದ್ದರು. ಹಗ್ಗದ ಎಳೆತ ಓಟಗಾರನ ಹೆಜ್ಜೆಯನ್ನು ಉದ್ದ ಮಾಡುತ್ತದೆ, ಒಪ್ಪಿದೆ. ಆದರೆ ಎಳೆತವೇ ಓಡಿಸುವುದಾದರೆ ಹಗ್ಗ ಹಿಡಿದ ಯಾರು ಬೇಕಾದರೂ ಮಂಜೊಟ್ಟಿ ಮುಟ್ಟಬೇಕಿತ್ತು. ಅಭ್ಯಾಸವಿಲ್ಲದವನು ನಾಲ್ಕು ಹೆಜ್ಜೆಗೆ ಕೆಸರಿನಲ್ಲಿ ಮುಖವಿಟ್ಟು ಬೀಳುತ್ತಾನೆ. ಹೂತ ಕಾಲನ್ನು ಪ್ರತಿ ಹೆಜ್ಜೆಗೂ ಕಿತ್ತು ತೆಗೆಯಬೇಕು, ನೀರಿನ ಎರಚಿಗೆ ಕಣ್ಣು ಕಾಣುವುದಿಲ್ಲ, ಎರಡು ಕೋಣಗಳಲ್ಲಿ ಒಂದು ಕರೆಯ ಬದಿಗೆ ಸರಿಯತೊಡಗಿದರೆ ಅದನ್ನು ಹಗ್ಗದ ಬಿಗಿಯಿಂದಲೇ ಗುರುತಿಸಿ ತಿದ್ದಬೇಕು. ಇದು ಎಳೆಸಿಕೊಳ್ಳುವವನ ಕೆಲಸವಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳಿನ ಕೆಲಸ, ಎರಡೂ ಬೇರೆ ಎಂಬರ್ಥದ ಮಾತನ್ನು ಆಗ ಆಡಿದವರು ಸ್ವತಃ ಶ್ರೀನಿವಾಸ ಗೌಡರು. ಓಟದ ಶ್ರೇಯಸ್ಸಿನಲ್ಲಿ ಕೋಣಗಳ ಪಾಲನ್ನೂ ಅವರೇ ಎತ್ತಿ ಹೇಳಿದರು, ಟ್ರ್ಯಾಕಿನ ಪರೀಕ್ಷೆಗೂ ಹೋಗಲಿಲ್ಲ. ಆ ಫೆಬ್ರವರಿಯಲ್ಲಿ ಕಂಬಳದ ಬಗ್ಗೆ ಬಂದ ಎಲ್ಲ ವಿಮರ್ಶೆಗಳಲ್ಲಿ ಓಟಗಾರನ ಈ ಮಾತೇ ಹೆಚ್ಚು ತೂಕದ್ದು ಎಂದು ನಾನು ತಿಳಿದಿದ್ದೇನೆ. ಎರಡೂ ಪಂಗಡದವರು ಅದನ್ನು ಕೇಳಿಸಿಕೊಳ್ಳದೆ ಮುಂದೆ ಹೋದರು.

ಕಂಬಳ ಆರಾಧನೆ, ಅಲ್ಲಿ ಸ್ಪರ್ಧಿಗಳನ್ನು ತೂಗುವುದೇ ಅಪಚಾರ ಎನ್ನುವ ವಿದ್ವಾಂಸರೂ ಇದ್ದಾರೆ. ಹರಕೆಗೆ ಕೋಣ ಇಳಿಸುವ ಗದ್ದೆಗಳ ಮಟ್ಟಿಗೆ ಅವರ ಮಾತು ನಿಜ. ಜೋಡುಕರೆ ಕಟ್ಟಿ, ಪವನಿನ ಲೆಕ್ಕದಲ್ಲಿ ಚಿನ್ನ ಇಟ್ಟು, ಮಂಜೊಟ್ಟಿಯಲ್ಲಿ ಕ್ಯಾಮೆರಾ ನಿಲ್ಲಿಸಿದ ಮೇಲೆ ತೀರ್ಪು ಆಗಿಯೇ ಆಗುತ್ತದೆ. ಅದು ಒಳ್ಳೆಯ ತೀರ್ಪಾಗಲಿ ಎಂದಷ್ಟೇ ಕೇಳುತ್ತಿರುವುದು.

ನಾನು ಇಡಗುಂಜಿ ಕಡೆಯವನು. ಕೋಣ ಸಾಕಿದ ಮನೆ ನಮ್ಮದಲ್ಲ, ಯಕ್ಷಗಾನದ ಆಟ ನೋಡಿ ಬೆಳೆದವರು ನಾವು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ಈ ಸೀಮೆಯಲ್ಲಿ ಜೋಡಾಟದ ರಾತ್ರಿ ಎರಡು ವಿಧದ ಪ್ರೇಕ್ಷಕರು ಕೂರುತ್ತಿದ್ದರು. ಒಬ್ಬರು ಯಾವ ವೇಷ ಎಷ್ಟು ಮಂಡಿ ಹಾಕಿತು ಎಂದು ಎಣಿಸುವವರು. ಇನ್ನೊಬ್ಬರು ಆ ಮಂಡಿ ಪದ್ಯದ ಯಾವ ಜಾಗದಲ್ಲಿ ಬಿತ್ತು, ಮದ್ದಲೆಯವನು ಅದಕ್ಕೆ ಎಡೆ ಕೊಟ್ಟನೇ, ಎದ್ದು ನಿಂತಾಗ ಪಾತ್ರ ಉಳಿದಿತ್ತೇ ಎಂದು ನೋಡುವವರು. ಎಣಿಸುವವರ ಕೂಗು ಜೋರು. ಆದರೆ ಮರುದಿನ ಬೆಳಿಗ್ಗೆ ಆಟದ ಸುದ್ದಿ ಕೇಳಬೇಕಾದರೆ ಜನ ಹೋಗುತ್ತಿದ್ದದ್ದು ಎರಡನೆಯವರ ಜಗಲಿಗೆ. ಕಂಬಳದಲ್ಲೂ ಈ ಎರಡನೆಯವರಿದ್ದಾರೆ. ಕರೆಯ ಬದಿಯಲ್ಲಿ ರಾತ್ರಿಯಿಡೀ ನಿಂತು ನೋಡುವ ಹಿರಿಯರು. ಅವರ ಬಾಯಲ್ಲಿ ಸೆಕೆಂಡು ಕೊನೆಗೆ ಬರುತ್ತದೆ.

ಮೊದಲು ಬರುವುದು ಗಂತು. ಎರಡು ಕೋಣಗಳೂ ಒಂದೇ ಉಸಿರಿಗೆ ಹೊರಟವೇ, ಒಂದು ಹೊರಟು ಇನ್ನೊಂದನ್ನು ಎಬ್ಬಿಸಿತೇ? ಹೊರಡುವಾಗ ಮೂಗಿನಷ್ಟು ಹಿಂದೆ ಬಿದ್ದ ಕೋಣ ನೊಗವನ್ನು ಓರೆ ಮಾಡುತ್ತದೆ. ಓಟಗಾರನ ಅರ್ಧ ಶಕ್ತಿ ಆ ಓರೆಯನ್ನು ತಿದ್ದುವುದರಲ್ಲೇ ಹೋಗುತ್ತದೆ. ಆಮೇಲೆ ಜೊತೆ. ಬಿಡಿಬಿಡಿಯಾಗಿ ಅತಿ ವೇಗದ ಎರಡು ಕೋಣಗಳನ್ನು ಕಟ್ಟಿದ ಮಾತ್ರಕ್ಕೆ ವೇಗದ ಜೊತೆ ಆಗುವುದಿಲ್ಲ. ಹೆಜ್ಜೆಯ ಅಳತೆ ಕೂಡಬೇಕು, ನೊಗದ ಎಡಕ್ಕೂ ಬಲಕ್ಕೂ ಒಗ್ಗಿದವು ಸಿಗಬೇಕು. ಒಂದೇ ಓಟಗಾರ ಒಂದೇ ದಿನ ಬೇರೆ ಬೇರೆ ಯಜಮಾನರ ಜೊತೆಗಳನ್ನು ಓಡಿಸುವುದುಂಟು. ಅವನನ್ನು ತೂಗಲು ಒಳ್ಳೆಯ ದಾರಿ ಅದೇ: ಕೂಡಿದ ಜೊತೆಯಲ್ಲಿ ಗೆದ್ದದ್ದಕ್ಕಿಂತ ಕೂಡದ ಜೊತೆಯನ್ನು ಎಷ್ಟು ನೇರ ತಂದ ಎಂಬುದು ಹೆಚ್ಚು ಹೇಳುತ್ತದೆ. ಬೆತ್ತವನ್ನು ಮತ್ತೆ ಮತ್ತೆ ಎತ್ತುವವನು ನನ್ನ ಲೆಕ್ಕದಲ್ಲಿ ಕೆಳಗೆ. ಅವನಿಗೆ ಕೋಣದ ಜೊತೆ ಮಾತಿಲ್ಲ ಎಂದೇ ಅರ್ಥ.

ಕೊನೆಗೆ ನೆಲ. ಇದರಲ್ಲಿ ನಮ್ಮ ಕಂಬಳ ಸಮಿತಿಗಳು ಬ್ರಿಟನ್, ಐರ್ಲೆಂಡ್‌ಗಳ ಬೇಲಿ ಹಾರುವ ಕುದುರೆ ಓಟವನ್ನು ನೋಡಿ ಕಲಿಯಬೇಕು. ಅಲ್ಲಿ ಓಟದ ದಿನ ನೆಲ ಗಟ್ಟಿಯೋ, ಮೆತ್ತಗೋ, ಕಾಲು ಹೂಳುವಷ್ಟು ಕೆಸರೋ ಎಂದು ಅಧಿಕೃತವಾಗಿ ಸಾರುತ್ತಾರೆ. ಅದಿಲ್ಲದೆ ಸ್ಪರ್ಧಿಗಳ ಬಗ್ಗೆ ಯಾರೂ ಬಾಯಿ ತೆರೆಯುವುದಿಲ್ಲ. 1948ರಲ್ಲಿ ಟೈಮ್‌ಫಾರ್ಮ್ ಶುರುಮಾಡಿದ ಫಿಲ್ ಬುಲ್ ಗಡಿಯಾರವನ್ನು ನಂಬಿದ ಮನುಷ್ಯ, ಆದರೆ ನೆಲದ ಸ್ಥಿತಿಗೆ ಸರಿಹೊಂದಿಸದ ಸಮಯವನ್ನು ಅವರು ಸಮಯವೆಂದೇ ಎಣಿಸಲಿಲ್ಲ. 1964, 65, 66ರಲ್ಲಿ ಸತತವಾಗಿ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದ ಆರ್ಕಲ್‌ಗೆ ಟೈಮ್‌ಫಾರ್ಮ್ ಕೊಟ್ಟ ಅಂಕ 212. ಬೇಲಿ ಹಾರುವ ಕುದುರೆಗಳಲ್ಲಿ ಅದನ್ನು ಮೀರಿದ್ದು ಇಲ್ಲ. ಆ ಅಂಕದಲ್ಲಿರುವುದು ಬೆನ್ನ ಮೇಲೆ ಎಷ್ಟು ಭಾರ ಹೊತ್ತು ಯಾರನ್ನು ಎಷ್ಟು ಅಂತರದಲ್ಲಿ ಸೋಲಿಸಿತು ಎಂಬ ಲೆಕ್ಕ. ಐರ್ಲೆಂಡಿನಲ್ಲಂತೂ ಆರ್ಕಲ್ ಓಡಿದರೆ ಒಂದು, ಓಡದಿದ್ದರೆ ಒಂದು ಎಂದು ಭಾರದ ಎರಡು ಪಟ್ಟಿ ತಯಾರಿಸಬೇಕಾಯಿತು. ಎದುರಾಳಿಗಳ ನಡುವೆ ಇಟ್ಟು ತೂಗುವುದೆಂದರೆ ಇದು.

ನಮ್ಮಲ್ಲಿ ಕರೆಯ ಉದ್ದವೇ ಊರೂರಿಗೆ ಬೇರೆ. ಅಡಿಯ ಮಣ್ಣು ಬೇರೆ, ನಿಲ್ಲಿಸಿದ ನೀರು ಬೇರೆ. ಸಂಜೆ ಓಡಿದ ಜೊತೆಗೆ ಸಿಕ್ಕ ಕೆಸರು ನಸುಕಿನ ಜೊತೆಗೆ ಸಿಗುವುದಿಲ್ಲ, ಅಷ್ಟರಲ್ಲಿ ನೂರಾರು ಗೊರಸು ಅದನ್ನು ಕಲಕಿರುತ್ತವೆ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹೊಸದಾಗಿ ಕಟ್ಟಿದ ಕರೆಯ ಸಮಯವನ್ನು ಐಕಳದ ಹಳೆಯ ಕರೆಯ ಸಮಯದ ಪಕ್ಕ ಬರೆದರೆ ಏನು ತಿಳಿದಂತಾಯಿತು? ಐಕಳದ 13.62 ದೊಡ್ಡದೋ ವೇಣೂರಿನ 13.61 ದೊಡ್ಡದೋ ಎಂಬ ವಾದವನ್ನು ನಾನು ಇದೇ ಕಾರಣಕ್ಕೆ ಬದಿಗಿಡುತ್ತೇನೆ. ಒಂದೇ ಕಂಬಳದಲ್ಲಿ, ಒಂದೇ ವಿಭಾಗದಲ್ಲಿ, ಒಂದೇ ಹೊತ್ತಿಗೆ ಪಕ್ಕಪಕ್ಕದ ಕರೆಗಳಲ್ಲಿ ಓಡಿದ ಎರಡು ಜೊತೆಗಳ ಅಂತರ ಮಾತ್ರ ನಂಬಿಕೆಗೆ ಯೋಗ್ಯ. ಜೋಡುಕರೆ ಇರುವುದೇ ಆ ಹೋಲಿಕೆಗಾಗಿ.

ಸೆಕೆಂಡಿನ ಹುಚ್ಚಿನಿಂದ ಹೆಚ್ಚು ನಷ್ಟವಾದದ್ದು ಕನೆಹಲಗೆಗೆ. ಅಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ. ಹಲಗೆಯ ಮೇಲೆ ಕಾಲೂರಿ ನಿಂತವನು ಅದರ ತೂತಿನಿಂದ ನೀರು ಚಿಮ್ಮಿಸಬೇಕು, ಆ ನೀರು ಆರೂವರೆ ಕೋಲಿನ, ಏಳೂವರೆ ಕೋಲಿನ ನಿಶಾನೆ ಮುಟ್ಟಬೇಕು. ವೇಗ, ಭಾರ, ಹಲಗೆ ಊರುವ ಓರೆ ಮೂರೂ ಒಂದೇ ಕ್ಷಣಕ್ಕೆ ಕೂಡಿದರೆ ಮಾತ್ರ ನಿಶಾನೆ ಒದ್ದೆಯಾಗುತ್ತದೆ. ಇಷ್ಟು ಕಷ್ಟದ ವಿಭಾಗದ ಬಗ್ಗೆ ಪತ್ರಿಕೆಗಳಲ್ಲಿ ಒಂದು ಸಾಲು ಬಂದರೆ ಹೆಚ್ಚು, ಬೋಲ್ಟನ ಪಕ್ಕ ಇಡಲು ಅಲ್ಲಿ ಅಂಕಿಯಿಲ್ಲವಲ್ಲ. ಅಡ್ಡಹಲಗೆಯ ಪಾಡೂ ಹೆಚ್ಚು ಬೇರೆಯಲ್ಲ.

ಫಲಿತಾಂಶದ ಪಟ್ಟಿಯನ್ನೇ ನೋಡಿ. ಯಜಮಾನರ ಹೆಸರು, ಅವರ ಎರಡು ಜೊತೆ ಇದ್ದರೆ ‘ಎ’, ‘ಬಿ’, ಕೆಳಗೆ ಓಡಿಸಿದವರ ಹೆಸರು. ಕೋಣಗಳ ಹೆಸರಿಲ್ಲ. ಹಟ್ಟಿಯಲ್ಲಿ ಅವಕ್ಕೆ ಹೆಸರುಂಟು, ಕರೆಯ ಬದಿಯ ಜನರಿಗೆ ಅದು ಬಾಯಿಪಾಠ, ಗೆದ್ದ ಕೋಣದ ಹೆಸರನ್ನು ಮಕ್ಕಳೂ ಕೂಗುತ್ತಾರೆ. ಪಟ್ಟಿಗೆ ಮಾತ್ರ ಅದು ಏರುವುದಿಲ್ಲ. ಆರ್ಕಲ್ ಎಂದರೆ ಕುದುರೆ ಎಂದು ಲೋಕಕ್ಕೆ ಗೊತ್ತು. ಸವಾರ ಪ್ಯಾಟ್ ಟಾಫ್‌ನ ಹೆಸರು ಅದರ ಬೆನ್ನ ಹಿಂದೆ ಬರುತ್ತದೆ. ಐಕಳದ ಆ ಓಟವನ್ನು ದೇಶಕ್ಕೆಲ್ಲ ಸಾರಿದ ತಲೆಬರಹಗಳಲ್ಲಿ ಮನುಷ್ಯರ ಹೆಸರು ಎರಡಿದ್ದವು, ಒಂದು ಮಿಜಾರಿನದು, ಒಂದು ಜಮೈಕಾದ್ದು. ಓಡಿದ ಎರಡು ಕೋಣಗಳಿಗೆ ಜಾಗ ಸಿಗಲಿಲ್ಲ. ಬರುವ ಋತುವಿನಿಂದ ಸಮಿತಿಗಳು ಪ್ರತಿ ವಿಭಾಗದ ಕೆಳಗೆ ಎಡದ ಕೋಣ, ಬಲದ ಕೋಣ, ಕರೆಯ ಉದ್ದ, ಆ ಹೊತ್ತಿನ ಕೆಸರಿನ ಆಳ, ಎದುರಿನ ಜೊತೆಗೆ ಇದ್ದ ಅಂತರ ಇಷ್ಟನ್ನು ಅಚ್ಚು ಹಾಕಿಸಲಿ. ನೂರು ಮೀಟರಿಗೆ ಇಳಿಸಿದ ಆ ಸಾಲನ್ನು ಕಿತ್ತು ಹಾಕಲಿ.