ಬೆಳಕಿನಿಂದಲೇ ನಡೆಯುವ ಕ್ಯಾಮೆರಾ: ಹಳೇಬೀಡಿಗೆ ಸರಿ, ಬಿಕ್ಕೋಡಿಗೆ ಅಲ್ಲ

ಕ್ಯಾಮೆರಾದ ಸೆನ್ಸರೂ ಸೋಲಾರ್ ಫಲಕವೂ ಒಂದೇ ಕುಲದವು. ಎರಡರಲ್ಲೂ ಇರುವುದು ಬೆಳಕು ಬಿದ್ದರೆ ವಿದ್ಯುತ್ ಹುಟ್ಟಿಸುವ ಸಿಲಿಕಾನ್. ಸೆನ್ಸರ್ ಅದನ್ನು ಅಳೆದು ಚಿತ್ರ ಮಾಡುತ್ತದೆ, ಫಲಕ ಅದನ್ನು ಬಳಕೆಗೆ ಒದಗಿಸುತ್ತದೆ. ಎರಡೂ ಕೆಲಸವನ್ನು ಒಂದೇ ಪಿಕ್ಸೆಲ್‌ನಿಂದ ಮಾಡಿಸಬಹುದೆಂದು 2015ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಶ್ರೀ ಕೆ. ನಾಯರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಬ್ಯಾಟರಿಯಿಲ್ಲದ ಅವರ ಕ್ಯಾಮೆರಾ, ಚೆನ್ನಾಗಿ ಬೆಳಕಿರುವ ಕೋಣೆಯಲ್ಲಿ ಸೆಕೆಂಡಿಗೊಂದು ಚಿತ್ರ ತೆಗೆಯುತ್ತ ಹೋಗಬಲ್ಲದು. ನಿಜಕ್ಕೂ ಸೊಗಸಾದ ಯೋಚನೆ. ಆದರೆ ಅದರ ಬೆಲೆ ತಿಳಿಯಬೇಕಾದರೆ ನಮ್ಮ ಹಾಸನ ಜಿಲ್ಲೆಯಂಥ ಕಡೆ ಇಟ್ಟು ನೋಡಬೇಕು.

ಬೇಲೂರು ತಾಲ್ಲೂಕಿನ ಬಿಕ್ಕೋಡು, ಅರೇಹಳ್ಳಿ ಕಡೆಯವರಿಗೆ ಕ್ಯಾಮೆರಾ ಬೇಕಿರುವುದು ಆನೆಗಾಗಿ. ಕಾಫಿ ತೋಟಕ್ಕೆ ಆನೆ ಇಳಿಯುವುದು ಹೆಚ್ಚಾಗಿ ಕತ್ತಲಲ್ಲಿ. ಹಗಲಲ್ಲೂ ಅಲ್ಲಿ ಮರಗಳ ದಟ್ಟ ನೆರಳು. ಈ ಸೆನ್ಸರಿನ ಮೂಲ ಕೊರತೆ ಬಯಲಾಗುವುದು ಇಲ್ಲೇ: ಬೆಳಕು ಕಡಿಮೆಯಾದಷ್ಟೂ ಚಿತ್ರವೂ ಮಂಕಾಗುತ್ತದೆ, ಚಿತ್ರ ತೆಗೆಯುವ ಶಕ್ತಿಯೂ ಕುಗ್ಗುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದವರು 2018ರ ಸುಮಾರಿಗೆ ಚಿತ್ರ ತೆಗೆಯುವ ಪದರದ ಕೆಳಗೇ ಸೌರಕೋಶವನ್ನಿಟ್ಟು, ಎರಡೂ ಕೆಲಸ ಒಟ್ಟಿಗೇ ನಡೆಯುವಂತೆ ಮಾಡಿದರು. ಅದು ಸೆಕೆಂಡಿಗೆ 15 ಚಿತ್ರ ಕೊಡುವುದು 60,000 ಲಕ್ಸ್ ಬೆಳಕಿನಲ್ಲಿ, ಅಂದರೆ ಕಣ್ಣು ಕುಕ್ಕುವ ಬಿಸಿಲಿನಲ್ಲಿ. ಆನೆ ಕಾಯುವವರಿಗೆ ಬ್ಯಾಟರಿಯ ಇನ್‌ಫ್ರಾರೆಡ್ ಕ್ಯಾಮೆರಾವೇ ಗತಿ. ಬೇಲೂರು ಗುಡಿಯ ಒಳಮಂಟಪ ನವರಂಗಕ್ಕೂ ಬೆಳಕಿನಿಂದಲೇ ನಡೆಯುವ ಕ್ಯಾಮೆರಾ ಒಗ್ಗದು. ಜಾಲಂಧ್ರದ ಕಿಂಡಿಗಳಿಂದ ಸೋಸಿ ಬರುವ ಬೆಳಕಿನಲ್ಲಿ ಒಳಗಿನ ಕಂಬಗಳು ಬರಿಗಣ್ಣಿಗೇ ಸರಿಯಾಗಿ ಕಾಣುವುದಿಲ್ಲ.

ಹೊರಗೋಡೆಯ ಮಾತು ಬೇರೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಗಳು ದಿನವಿಡೀ ಬಿಸಿಲಿಗೆ ಒಡ್ಡಿಕೊಂಡು ನಿಂತಿವೆ. ಬಳಪದ ಕಲ್ಲಿನಲ್ಲಿ ಕಡೆದ ಆನೆಗಳ ಸಾಲು, ಕುದುರೆಗಳ ಸಾಲು, ಅವುಗಳ ಮೇಲೆ ರಾಮಾಯಣ ಮಹಾಭಾರತದ ಕಥೆಗಳು. ಪಾಚಿ ಎಲ್ಲಿ ಹಬ್ಬುತ್ತಿದೆ, ನೀರು ಯಾವ ಸಂದಿಗೆ ಇಳಿಯುತ್ತಿದೆ ಎಂದು ವರ್ಷಗಟ್ಟಲೆ ಒಂದೇ ಜಾಗದಿಂದ ನೋಡಬೇಕು. ಅಂಥ ಕೆಲಸಕ್ಕೆ ಸೆಕೆಂಡಿಗೊಂದು ಚಿತ್ರ ಬೇಕಿಲ್ಲ, ದಿನಕ್ಕೊಂದಾದರೂ ಸಾಕು. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಅಂಥ ಕಲ್ಲಿನ ಮೇಲೆ ವೈರು ಎಳೆಯಬೇಕಿಲ್ಲ, ಮೊಳೆ ಹೊಡೆಯಬೇಕಿಲ್ಲ, ಬ್ಯಾಟರಿ ಬದಲಿಸಲು ಅಟ್ಟಣೆ ಕಟ್ಟಬೇಕಿಲ್ಲ.

ಆದರೂ ಇಂದಿನ ರೂಪದಲ್ಲಿ ಇದು ಸಾಲದು. ಕೊಲಂಬಿಯಾದ ಮಾದರಿಯಲ್ಲಿದ್ದದ್ದು 30ಕ್ಕೆ 40, ಒಟ್ಟು 1,200 ಪಿಕ್ಸೆಲ್. ಕೈಯಲ್ಲಿರುವ 12 ಮೆಗಾಪಿಕ್ಸೆಲ್ ಮೊಬೈಲಿನ ಹತ್ತು ಸಾವಿರದಲ್ಲೊಂದು ಪಾಲು. ಕೂದಲೆಳೆಯ ಬಿರುಕು ಅದಕ್ಕೆ ದಕ್ಕದು. ತೆಗೆದ ಚಿತ್ರವನ್ನು ದೂರಕ್ಕೆ ಕಳಿಸಲು ಮತ್ತೆ ವಿದ್ಯುತ್ ಬೇಕು. ‘ತನ್ನ ಶಕ್ತಿ ತಾನೇ ಗಳಿಸುತ್ತದೆ’ ಎಂದು ಸಂಭ್ರಮಿಸುವವರು ಈ ಲೆಕ್ಕವನ್ನೂ ಹಿಡಿಯಬೇಕು.

ಪಿಕ್ಸೆಲ್ ಹೆಚ್ಚಿದ ಮೇಲೆ ಮೊದಲ ಪ್ರಯೋಗ ಅರಸೀಕೆರೆಯಲ್ಲಿ ನಡೆಯಲಿ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವುಗಳ ಮೇಲೆ ಜಗತ್ತಿನ ಕಣ್ಣಿದೆ. ನಕ್ಷತ್ರಾಕಾರದ ತೆರೆದ ಮಂಟಪವುಳ್ಳ, 13ನೇ ಶತಮಾನದ ಅರಸೀಕೆರೆಯ ಶಿವಾಲಯ ಆ ಪಟ್ಟಿಯಲ್ಲಿಲ್ಲ. ಕಾಯುವ ಕಣ್ಣು ಹೆಚ್ಚು ಬೇಕಿರುವುದು ಅದಕ್ಕೇ.