ಮೊದಲ ಮಹಡಿಯ ಬಾಡಿಗೆ

ಕಚೇರಿ ಜಾಗದ ಮಾರುಕಟ್ಟೆಯನ್ನು ಅಳೆಯಲು ಮಹಾನಗರಗಳಲ್ಲಿ ಬಳಸುವ ಮುಖ್ಯ ಮಾನದಂಡ ಖಾಲಿ ಪ್ರಮಾಣ, ಅಂದರೆ ಬಾಡಿಗೆಗೆ ಸಿದ್ಧವಿರುವ ಒಟ್ಟು ವಿಸ್ತೀರ್ಣದಲ್ಲಿ ಬಾಡಿಗೆದಾರರಿಲ್ಲದೆ ಉಳಿದ ಪಾಲು. ಅದು ಏರಿದರೆ ಬಾಡಿಗೆ ಇಳಿಯುತ್ತದೆ, ಇಳಿದರೆ ಬಾಡಿಗೆ ಏರುತ್ತದೆ ಎಂಬುದು ಸಾಮಾನ್ಯ ಲೆಕ್ಕ. 20 ಕೋಟಿ ಚದರಡಿಗೂ ಮಿಕ್ಕಿ ಕಚೇರಿ ಜಾಗವಿರುವ ಬೆಂಗಳೂರಿಗೆ ಈ ಸೂತ್ರ ಹೊಂದುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಭಟ್ಕಳ, ಹೊನ್ನಾವರ, ಕುಮಟಾಗಳಿಗೆ ಹೊಂದುವುದಿಲ್ಲ. ಈ ಮೂರು ಪೇಟೆಗಳಲ್ಲಿ ಕಚೇರಿಗೆಂದೇ ಕಟ್ಟಿದ ಖಾಸಗಿ ಕಟ್ಟಡ ವಿರಳ. ಸಾಮಾನ್ಯವಾಗಿ ಕಾಣುವುದು ನೆಲಮಹಡಿಯಲ್ಲಿ ಷಟರ್ ಹಾಕಿದ ಅಂಗಡಿಗಳ ಸಾಲು, ಮೇಲೆ ವಕೀಲರು, ಲೆಕ್ಕಪರಿಶೋಧಕರು, ವಿಮಾ ಏಜೆಂಟರು, ಟ್ಯೂಷನ್ ಕ್ಲಾಸಿನವರು, ದಂತವೈದ್ಯರು ಕೋಣೆ ಹಂಚಿಕೊಂಡಿರುವ ‘ಕಾಂಪ್ಲೆಕ್ಸ್’. ನೆಲಮಹಡಿ ಹೇಗೂ ತುಂಬುತ್ತದೆಯಾದ್ದರಿಂದ ಮಾರುಕಟ್ಟೆಯ ನಾಡಿಯನ್ನು ಮೊದಲ ಮಹಡಿಯಲ್ಲಿ ಹಿಡಿಯಬೇಕಾಗುತ್ತದೆ. ಅಲ್ಲಿ ಕೋಣೆಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡಿದ್ದರೂ ಮಾಲೀಕರು ಕೇಳುವ ಬಾಡಿಗೆ ಇಳಿಯದಿರುವುದು ಈ ಕರಾವಳಿಯ ವೈಶಿಷ್ಟ್ಯ.

ಇದಕ್ಕೆ ಕಾರಣ ಭಟ್ಕಳದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಯ ನವಾಯತ ಮುಸ್ಲಿಂ ಕುಟುಂಬಗಳು ಕೊಲ್ಲಿ ರಾಷ್ಟ್ರಗಳಲ್ಲಿ ಗಳಿಸಿದ ಹಣದಲ್ಲಿ ದೊಡ್ಡ ಪಾಲು ಊರಿಗೆ ಮರಳಿ ಮನೆಯಾಗಿ, ಅಂಗಡಿ ಸಾಲಾಗಿ ನಿಂತಿದೆ. ಬಡ್ಡಿಯನ್ನು ನಿಷಿದ್ಧವೆಂದು ತಿಳಿಯುವ ಧರ್ಮಶ್ರದ್ಧೆಯುಳ್ಳವರಿಗೆ ಬ್ಯಾಂಕಿನ ಠೇವಣಿಗಿಂತ ಬಾಡಿಗೆ ನೆಮ್ಮದಿಯ ಆದಾಯ. ಹಾಗೆಯೇ ಸಾಲವೆತ್ತಿ ಕಟ್ಟಡ ಕಟ್ಟುವುದೂ ಅವರಿಗೆ ಒಗ್ಗದ ಮಾತು. ಕಂತಿನ ಒತ್ತಡವಿಲ್ಲದ ಮಾಲೀಕ ಖಾಲಿ ಕೋಣೆಗೆ ಹೆದರುವುದಿಲ್ಲ. ಬಾಡಿಗೆಯ ಪ್ರತಿಫಲ ಎಂಬ ಇನ್ನೊಂದು ಅಳತೆಯೂ, ಎಂದರೆ ವರ್ಷದ ಬಾಡಿಗೆ ಆಸ್ತಿಯ ಬೆಲೆಯ ಶೇಕಡಾ ಎಷ್ಟು ಎಂಬ ಲೆಕ್ಕವೂ ಇಲ್ಲಿ ಅವನನ್ನು ಕದಲಿಸದು: ಒಂದು ಕೋಟಿ ಬೆಲೆಯ ಕಟ್ಟಡದಿಂದ ತಿಂಗಳಿಗೆ 25 ಸಾವಿರ ಬಂತೆಂದು ಇಟ್ಟುಕೊಂಡರೆ ಪ್ರತಿಫಲ ಶೇ 3 ಮಾತ್ರ, ಆದರೆ ಅವನ ದೃಷ್ಟಿ ಬಾಡಿಗೆಗಿಂತ ನೆಲದ ಬೆಲೆಯ ಏರಿಕೆಯ ಮೇಲಿರುತ್ತದೆ. ಒಮ್ಮೆ ಕಡಿಮೆಗೆ ಕೊಟ್ಟರೆ ಮುಂದೆ ಏರಿಸುವುದು ಕಷ್ಟ ಎಂಬ ಅನುಭವಜ್ಞಾನವೂ ಇದಕ್ಕೆ ಸೇರುತ್ತದೆ. ಶಂಶುದ್ದೀನ್ ಸರ್ಕಲ್‌ನ ಆಸುಪಾಸಿನಲ್ಲಿ ಕಟ್ಟಡಗಳನ್ನು ನೋಡುವವರು ‘ಬಾಡಿಗೆಗಿದೆ’ ಎಂಬ ಫಲಕವನ್ನು ಮಾಲೀಕನ ಸಂಕಟದ ಗುರುತೆಂದು ಓದಿದರೆ ಮೋಸಹೋಗುತ್ತಾರೆ.

ಇಂಥ ಪೇಟೆಯಲ್ಲಿ ಬೆಲೆಯನ್ನು ನಿಜವಾಗಿ ನಿರ್ಧರಿಸುವ ಬಾಡಿಗೆದಾರ ಬ್ಯಾಂಕು. ಸರ್ಕಾರಿ ವಲಯದ ಬ್ಯಾಂಕುಗಳು ಶಾಖೆಗೆ ಜಾಗ ಬೇಕಾದಾಗ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಎರಡು ಲಕೋಟೆಗಳ ಪದ್ಧತಿಯಲ್ಲಿ ಅರ್ಜಿ ಕರೆಯುತ್ತವೆ: ಒಂದರಲ್ಲಿ ಕಟ್ಟಡದ ತಾಂತ್ರಿಕ ವಿವರ, ಇನ್ನೊಂದರಲ್ಲಿ ಕೇಳುವ ಬಾಡಿಗೆ, ಮೊದಲನೆಯದು ಒಪ್ಪಿಗೆಯಾದ ಮೇಲಷ್ಟೇ ಎರಡನೆಯದನ್ನು ತೆರೆಯುತ್ತಾರೆ. ಬಾಡಿಗೆಯನ್ನು ಕಾರ್ಪೆಟ್ ವಿಸ್ತೀರ್ಣಕ್ಕೆ, ಅಂದರೆ ಗೋಡೆಗಳ ಒಳಗೆ ನಿಜವಾಗಿ ಬಳಕೆಗೆ ಸಿಗುವ ನೆಲಕ್ಕೆ ಲೆಕ್ಕ ಹಾಕುತ್ತಾರೆಯೇ ಹೊರತು, ಮೆಟ್ಟಿಲು, ಪಡಸಾಲೆಗಳ ಪಾಲನ್ನೂ ಸೇರಿಸಿ ಉಬ್ಬಿಸಿದ ಅಳತೆಗಲ್ಲ. ನೆಲಮಹಡಿಗೆ ಆದ್ಯತೆ, ಭದ್ರತಾ ಕೊಠಡಿಯ ಭಾರ ತಾಳುವ ನೆಲ, ಸಾಕಷ್ಟು ವಿದ್ಯುತ್, ಗ್ರಾಹಕರ ವಾಹನಕ್ಕೆ ಜಾಗ, ಹಲವು ವರ್ಷಗಳ ನೋಂದಾಯಿತ ಕರಾರು ಇವೆಲ್ಲ ಷರತ್ತುಗಳಾಗುತ್ತವೆ. ಬ್ಯಾಂಕು ಬಂದ ಕಟ್ಟಡದ ಉಳಿದ ಕೋಣೆಗಳಿಗೂ ಬೆಲೆ ಬರುತ್ತದೆ, ಏಕೆಂದರೆ ಸಾಲದ ಕಾಗದ ಸಿದ್ಧಪಡಿಸುವವರು, ಮೌಲ್ಯಮಾಪಕರು, ಜೆರಾಕ್ಸ್ ಅಂಗಡಿಯವರು ಅದರ ಹಿಂದೆಯೇ ಬರುತ್ತಾರೆ. ಆದ್ದರಿಂದ ಬ್ಯಾಂಕುಗಳ ವಿಲೀನ ಕರಾವಳಿಯ ಪೇಟೆಗಳಿಗೆ ಕೇವಲ ಭಾವನಾತ್ಮಕ ನಷ್ಟವಾಗಿರಲಿಲ್ಲ. 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, ಮರುವರ್ಷ ಅದೇ ದಿನ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದಾಗ, ಒಂದೇ ಬೀದಿಯಲ್ಲಿ ಪೈಪೋಟಿಯಿಂದ ಬಾಡಿಗೆ ಏರಿಸುತ್ತಿದ್ದ ಇಬ್ಬರು ಒಬ್ಬರಾದರು. ಒಂದೇ ಬ್ಯಾಂಕಿಗೆ ಅಕ್ಕಪಕ್ಕ ಎರಡು ಶಾಖೆಗಳು ಅನಗತ್ಯವೆನಿಸುವುದು ಸಹಜ. ಹಾಗೆ ತೆರವಾಗುವ ಜಾಗ ಸಾವಿರಾರು ಚದರಡಿಯ ಒಂದೇ ಹಜಾರವಾಗಿರುವುದರಿಂದ, ಇನ್ನೂರು ಚದರಡಿ ಹುಡುಕುವ ವಕೀಲರಿಗೆ ಅದು ಉಪಯೋಗಕ್ಕೆ ಬಾರದು. ಚಿನ್ನದ ಸಾಲ ಕೊಡುವ ಖಾಸಗಿ ಹಣಕಾಸು ಸಂಸ್ಥೆಗಳೂ ರಕ್ತಪರೀಕ್ಷೆಯ ಪ್ರಯೋಗಾಲಯಗಳೂ ಈಗ ಆ ಅಳತೆಗೆ ಹತ್ತಿರದ ಗಿರಾಕಿಗಳು.

ಕುಮಟಾಕ್ಕೆ ಮಾತ್ರ ಇದಕ್ಕಿಂತ ಹಳೆಯ ನೆನಪುಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಈ ಬಂದರಿಗೆ ಬರುತ್ತಿತ್ತು, ಲಿವರ್‌ಪೂಲ್ ಪೇಟೆಯಲ್ಲಿ ‘ಕೂಂಪ್ಟಾ’ ಎಂಬುದು ಹತ್ತಿಯ ಒಂದು ದರ್ಜೆಯ ಹೆಸರೇ ಆಗಿತ್ತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತುಹೋಗಿ ಇಲ್ಲಿಯ ಹತ್ತಿಗೆ ಬೆಲೆ ಬಂದಾಗ ಗೋದಾಮು, ಗುಮಾಸ್ತರು, ದಲಾಲರು ಎಲ್ಲ ಸೇರಿ ಕುಮಟಾದಲ್ಲಿ ನಿಜಾರ್ಥದ ಕಚೇರಿ ಜೀವನವಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಮುರಗಾಂವ್ ಬಂದರಿಗೆ ರೈಲು ಹಾದಿ ತೆರೆದದ್ದೇ ತಡ, ಹತ್ತಿ ದಾರಿ ಬದಲಿಸಿತು. ಆ ರೈಲು ಕಸಿದದ್ದನ್ನು 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆ ಮರಳಿ ತರಲಿಲ್ಲ; ನಿಲ್ದಾಣಗಳು ಪೇಟೆಯ ಹೊರಗಿವೆ, ಅವುಗಳ ಸುತ್ತ ಕಚೇರಿಗಳು ಬೆಳೆದಿಲ್ಲ. ಇಂದಿನ ಕುಮಟಾದ ಬೇಡಿಕೆ ನಿಂತಿರುವುದು ಉಪವಿಭಾಗಾಧಿಕಾರಿ ಕಚೇರಿ, ನ್ಯಾಯಾಲಯ, ಉಪನೋಂದಣಿ ಕಚೇರಿ, ಬಾಳಿಗಾ ಕಾಲೇಜು ಇಂಥವುಗಳ ಮೇಲೆ. ಈ ಬೇಡಿಕೆ ಬೆಳೆಯದು, ಆದರೆ ಸುಲಭಕ್ಕೆ ಬತ್ತುವುದೂ ಇಲ್ಲ.

ಹೊನ್ನಾವರದ ಸಮಸ್ಯೆ ನೆಲದ್ದೇ. ಶರಾವತಿಯ ಅಳಿವೆ ಮತ್ತು ಗುಡ್ಡಗಳ ನಡುವೆ ಸಿಕ್ಕಿಕೊಂಡ ಊರಿಗೆ ಭರತ ಬರುವ ನದಿದಂಡೆಯವರೆಗೂ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ. ಮುಕ್ಕಾಲು ಪಾಲಿಗೂ ಹೆಚ್ಚು ಅರಣ್ಯವಾಗಿರುವ ಜಿಲ್ಲೆಯಲ್ಲಿ ಹೊರಗೆ ಹಬ್ಬಲೂ ಜಾಗ ಕಡಿಮೆ. ರಾಷ್ಟ್ರೀಯ ಹೆದ್ದಾರಿ 66ಕ್ಕೆ ಘಟ್ಟದ ಕಡೆಯ 69 ಬಂದು ಸೇರುವ ಈ ಊರಿನಲ್ಲಿ ಹೆದ್ದಾರಿಯೇ ಮುಖ್ಯ ವಿಳಾಸ. ಆದರೆ ಚತುಷ್ಪಥವಾದ ಹೆದ್ದಾರಿಗೆ ಮುಖಮಾಡಿದ ಕೋಣೆಯ ಬೆಲೆಯನ್ನು ರಸ್ತೆಯ ಅಗಲಕ್ಕಿಂತ ವಿಭಜಕದಲ್ಲಿ ಎಲ್ಲಿ ತಿರುವು ಬಿಟ್ಟಿದ್ದಾರೆ, ಸರ್ವಿಸ್ ರಸ್ತೆ ಇದೆಯೇ ಎಂಬುದು ಹೆಚ್ಚು ನಿರ್ಧರಿಸುತ್ತದೆ.

ಕರಾರಿನ ಕಾನೂನು ಈ ಮಾರುಕಟ್ಟೆಯನ್ನು ಇನ್ನಷ್ಟು ಬಿಗಿಗೊಳಿಸಿದೆ. ಒಂದು ವರ್ಷ ಮೀರಿದ ಗೇಣಿಯನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಸಣ್ಣ ಕೋಣೆಗಳ ಕರಾರು 11 ತಿಂಗಳಿಗೆ ನಿಲ್ಲುತ್ತದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೋ ವಾಣಿಜ್ಯ ಬಳಕೆಯಲ್ಲಿ 14 ಚದರ ಮೀಟರ್ ಮೀರಿದ ಜಾಗವನ್ನು ತನ್ನ ರಕ್ಷಣೆಯಿಂದ ಹೊರಗಿಟ್ಟಿದೆ. ಇದರ ಎದುರು ಧ್ರುವವೆಂಬಂತೆ ಇರುವುದು ಪುರಸಭೆಯ ಮಳಿಗೆಗಳು: ಹಳೆಯ ಅಗ್ಗದ ಬಾಡಿಗೆಯಲ್ಲಿ ದಶಕಗಳಿಂದ ಕುಳಿತವರಿಗೆ ಹೊಸ ಹರಾಜೆಂದರೆ ಜೀವನೋಪಾಯವೇ ಕೈತಪ್ಪುವ ಭಯ. 2017ರ ಸೆಪ್ಟೆಂಬರಿನಲ್ಲಿ ಭಟ್ಕಳದ ಪುರಸಭೆ ಮಳಿಗೆಗಳ ತೆರವಿನ ವೇಳೆ ಒಬ್ಬರು ಮೈಗೆ ಬೆಂಕಿ ಹಚ್ಚಿಕೊಂಡು ಪ್ರಾಣ ಕಳೆದುಕೊಂಡದ್ದು ಈ ಅಂತರದ ಕ್ರೌರ್ಯವನ್ನು ತೋರಿಸಿತು. ಹರಾಜು ತಪ್ಪಲ್ಲ; ಬಾಡಿಗೆಯನ್ನು ವರ್ಷವರ್ಷ ಸ್ವಲ್ಪಸ್ವಲ್ಪವೇ ಪರಿಷ್ಕರಿಸದೆ ಬಿಟ್ಟು, ಒಮ್ಮೆಲೇ ಮಾರುಕಟ್ಟೆಗೆ ಒಡ್ಡುವುದು ತಪ್ಪು.

ಇಷ್ಟರ ಮೇಲೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಈ ನೆಲದಲ್ಲಿ ಹೊರಮೆಟ್ಟಿಲಿಗೆ ಚಾವಣಿಯಿಲ್ಲದ ಮೊದಲ ಮಹಡಿ ವರ್ಷಕ್ಕೆ ನಾಲ್ಕು ತಿಂಗಳು ಗಿರಾಕಿಗಳಿಗೆ ದೂರವಾಗುತ್ತದೆ, ಉಪ್ಪುಗಾಳಿಗೆ ಷಟರಿನ ಕೆಳಪಟ್ಟಿ ತುಕ್ಕು ಹಿಡಿಯುತ್ತದೆ. ಬಲ್ಲ ಬಾಡಿಗೆದಾರರು ಜಾಗವನ್ನು ಜುಲೈನಲ್ಲಿ ನೋಡಿ, ಪಶ್ಚಿಮದ ಗೋಡೆಯಲ್ಲಿ ತೇವದ ಗುರುತು ಎಲ್ಲಿಯವರೆಗೆ ಏರಿದೆ ಎಂಬುದನ್ನು ಗಮನಿಸಿ, ಟೆರೇಸಿನ ಮೇಲೆ ತಗಡಿನ ಮಾಡು ಹಾಕಿದ್ದಾರೆಯೇ ಎಂದು ವಿಚಾರಿಸಿಕೊಂಡ ನಂತರವೇ ಮುಂಗಡದ ಮಾತೆತ್ತುತ್ತಾರೆ.