ಬೀಜಕ್ಕೊಂದು ಮೂಲ, ಕೊಯ್ದವರಿಗೊಂದು ಅನುಮಾನ

ಕಾಫಿಬೀಜವನ್ನು ತಾಜಾ ಹುರಿದು ಮಾರುವ ಹೊಸ ಬಗೆಯ ಅಂಗಡಿಗಳು ಕಳೆದ ಹತ್ತು ವರ್ಷಗಳಲ್ಲಿ ಬೆಂಗಳೂರಿನ ಬಡಾವಣೆಗಳನ್ನು ತುಂಬಿವೆ. 2013ರಲ್ಲಿ ದೆಹಲಿಯಲ್ಲಿ ಆರಂಭವಾದ ಬ್ಲೂ ಟೋಕಾಯ್, ಬೆಂಗಳೂರಿನಲ್ಲೇ ಹುಟ್ಟಿದ ಥರ್ಡ್ ವೇವ್, 2021ರಲ್ಲಿ ಇಂದಿರಾನಗರದಲ್ಲಿ ಬಾಗಿಲು ತೆರೆದ ಅರಕು ಈ ಸಾಲಿನವು. ಇಂಥ ಕಡೆ ಕಾಫಿಯ ಜೊತೆಗೆ ಒಂದು ಕಥೆಯೂ ಮಾರಾಟವಾಗುತ್ತದೆ. ಕಾಲು ಕೆ.ಜಿ. ಪೊಟ್ಟಣದ ಮೇಲೆ ತೋಟದ ಹೆಸರು, ಸಮುದ್ರಮಟ್ಟದಿಂದ ಅದರ ಎತ್ತರ, ಗಿಡದ ತಳಿ, ಹಣ್ಣನ್ನು ಸಂಸ್ಕರಿಸಿದ ಬಗೆ, ಹುರಿದ ತಾರೀಖು ಎಲ್ಲವೂ ಅಚ್ಚಾಗಿರುತ್ತವೆ. ಗುಟುಕಿನಲ್ಲಿ ಕಿತ್ತಳೆಯ ಹುಳಿ ಸಿಗುತ್ತದೆಯೋ ಬೆಲ್ಲದ ಸಿಹಿಯೋ ಎಂಬುದನ್ನೂ ಮೊದಲೇ ಹೇಳಿರುತ್ತಾರೆ. ಪುಸ್ತಕವನ್ನು ಓದುವ ಹಾಗೆ ಈ ಪೊಟ್ಟಣವನ್ನೂ ಒಂದು ಪಠ್ಯವೆಂದು ಓದಬಹುದು. ಹೇಳುವವನು ಯಾರನ್ನು ಹೆಸರಿಸುತ್ತಾನೆ, ಯಾರನ್ನು ಹೆಸರಿಲ್ಲದೆ ದಾಟಿಬಿಡುತ್ತಾನೆ ಎಂಬುದು ಕಥೆ ಬರೆಯುವ ನಮಗೆ ಕಸುಬಿನ ಪ್ರಶ್ನೆ.

ಚಿತ್ತಾಪುರ ತಾಲೂಕಿನ ನಾಲವಾರದವರಿಗೆ ಬೆಂಗಳೂರಿನ ಕಾಫಿಯ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ನಮ್ಮದು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದ ಸೀಮೆ, ಚಹಾದ ಸೀಮೆ. ಮನೆಗೆ ಬಂದವರನ್ನು ಇಂದಿಗೂ ‘ಚಾ ಕುಡೀತೀರೇನ್ರಿ’ ಎಂದೇ ಕೇಳುತ್ತೇವೆ. ಆದರೆ ವಾಡಿ, ಯಾದಗಿರಿಗಳಲ್ಲಿ ಬೆಂಗಳೂರಿನ ಗಾಡಿ ಹತ್ತುವವರಲ್ಲಿ ಗುಳೆ ಹೋಗುವವರು ಬಹಳ. ಆ ನಗರದ ಗೋಡೆ ಎಬ್ಬಿಸುವ, ನೆಲಕ್ಕೆ ಕಲ್ಲು ಹಾಸುವ ಕೈಗಳಲ್ಲಿ ನಮ್ಮ ಕಡೆಯವರ ಕೈಗಳಿವೆ. ಉತ್ತರ ಕರ್ನಾಟಕದ ಒಣ ಜಿಲ್ಲೆಗಳಿಂದ ಮಲೆನಾಡಿನ ತೋಟಗಳಿಗೆ ಕಾಫಿ ಕೊಯ್ಲಿಗೆ ಹೋಗುವವರೂ ಇದ್ದಾರೆ. ಹೀಗಾಗಿ ಕಾಫಿ ಕುಡಿಯದ ಊರಿಗೂ ಆ ಪೊಟ್ಟಣದ ಜೊತೆ ಲೆಕ್ಕವಿದೆ.

ಮೊದಲು ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. 1942ರ ಕಾಫಿ ಕಾಯ್ದೆಯ ನಂತರ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಅಲ್ಲಿ ದರ್ಜೆಯ ಪ್ರಕಾರ ಎಲ್ಲರ ಬೀಜವೂ ಒಂದೇ ರಾಶಿ ಸೇರುತ್ತಿತ್ತು. ಚೆನ್ನಾಗಿ ಬೆಳೆದವನ ಹೆಸರೂ ಆ ರಾಶಿಯಲ್ಲೇ ಮುಳುಗುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡ ಆ ಪದ್ಧತಿ 1996ರ ಹೊತ್ತಿಗೆ ಮುಗಿಯಿತು. ಹೊಸ ಅಂಗಡಿಗಳು ಬೆಳೆಗಾರನಿಗೆ ಅವನ ಹೆಸರನ್ನು ಮರಳಿ ಕೊಟ್ಟವು. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ರೂಪುಗೊಂಡ ಎಸ್.795 ತಳಿಯ ಹೆಸರು ಸಾಮಾನ್ಯ ಗಿರಾಕಿಯ ಬಾಯಿಗೂ ಬಂತು. ಇದು ಸಣ್ಣ ಕೆಲಸವಲ್ಲ.

ಆದರೆ ತಾಜಾತನವನ್ನು ಇವರೇ ಕಂಡುಹಿಡಿದರೆಂಬ ಧ್ವನಿ ಅತಿಯಾಯಿತು. ಮಲ್ಲೇಶ್ವರ, ಬಸವನಗುಡಿಗಳ ಹಳೆಯ ಕಾಫಿಪುಡಿ ಅಂಗಡಿಗಳು ಹುರಿದ ಬೀಜದ ಪರಿಮಳವನ್ನು ಬೀದಿಗೆ ಬಿಟ್ಟು ತಲೆಮಾರುಗಳೇ ಕಳೆದಿವೆ. ಪೀಬೆರಿ ಎಷ್ಟು, ಪ್ಲಾಂಟೇಷನ್ ಎ ಎಷ್ಟು, ಚಿಕೋರಿ ಹಾಕಬೇಕೋ ಬೇಡವೋ ಎಂದು ಗಿರಾಕಿಯನ್ನೇ ಕೇಳಿ, ಕಣ್ಣೆದುರಿಗೇ ಪುಡಿ ಮಾಡಿಕೊಡುವ ರೂಢಿ ಅಲ್ಲಿಯದು. ಹುರಿದ ಬೀಜ ಕೆಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕೆಲವೇ ವಾರಗಳಲ್ಲಿ ಪರಿಮಳ ಕಳೆದುಕೊಳ್ಳುತ್ತದೆ, ಪುಡಿಯಾದರೆ ಇನ್ನೂ ಬೇಗ ಎಂಬುದನ್ನು ಹೊಸ ಅಂಗಡಿಯವರು ವಿಜ್ಞಾನದ ಮಾತಿನಲ್ಲಿ ಹೇಳುತ್ತಾರೆ. ಹಳಬರು ‘ವಾರಕ್ಕಾಗುವಷ್ಟೇ ಒಯ್ಯಿರಿ’ ಎನ್ನುತ್ತಿದ್ದರು.

ಈ ಅಂಗಡಿಗಳ ಮಂತ್ರ ‘ಸಿಂಗಲ್ ಒರಿಜಿನ್’, ಅಂದರೆ ಒಂದೇ ಮೂಲದ ಬೀಜ. ಮೂಲವನ್ನು ಇಷ್ಟೊಂದು ಹೆಮ್ಮೆಯಿಂದ ಹೇಳುವವರು ಕಾಫಿಯ ಹಿಂದಿನ ಮೂಲಗಳನ್ನು ಹೇಗೆ ಹೇಳುತ್ತಾರೆ? ಅರೇಬಿಕಾ ಎಂಬ ಹೆಸರಿನಲ್ಲೇ ಅರಬಸ್ತಾನವಿದೆ. 15ನೆಯ ಶತಮಾನದಲ್ಲಿ ಯೆಮನ್‌ನ ಸೂಫಿಗಳು ರಾತ್ರಿಯ ಝಿಕ್ರ್‌ನಲ್ಲಿ ನಿದ್ದೆ ಬಾರದಿರಲೆಂದು ಕಹ್ವಾ ಕುಡಿಯುತ್ತಿದ್ದರು. ಮೋಖಾ ಆ ಯೆಮನ್‌ನ ಬಂದರು. ಇಂದಿನ ಮೆನುವಿನಲ್ಲಿ ಮೋಕಾ ಎಂದರೆ ಚಾಕೊಲೇಟ್ ಬೆರೆಸಿದ ಕಾಫಿ. 17ನೆಯ ಶತಮಾನದಲ್ಲಿ ಹಜ್ ಮುಗಿಸಿ ಮರಳುವಾಗ ಬಾಬಾ ಬುಡನ್ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬುದು ಐತಿಹ್ಯ. ಕಾಫಿ ಮಾರುವವರ ಕಥನದಲ್ಲಿ ಈ ಫಕೀರರು ಎಷ್ಟೋ ಸಲ ಬೀಜ ಬಚ್ಚಿಟ್ಟುಕೊಂಡು ಬಂದ ಚತುರ ಕಳ್ಳಸಾಗಣೆಗಾರರಾಗಿ ಬರುತ್ತಾರೆ. ಅವರ ಗುಹೆಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಂಡು ಬಂದ ಸಂಗತಿ ಆ ಕಥೆಯಲ್ಲಿ ಇರುವುದಿಲ್ಲ. ಶ್ರೀ ಗುರು ದತ್ತಾತ್ರೇಯ ಬಾಬಾಬುಡನ್ ಸ್ವಾಮಿ ದರ್ಗಾ ಎಂಬ ಆ ಕ್ಷೇತ್ರದ ಹೆಸರಿನಲ್ಲಿ ಇಬ್ಬರೂ ಜೊತೆಗಿದ್ದಾರೆ. ಅವರನ್ನು ಬೇರ್ಪಡಿಸುವ ಜಗಳ ಮಾತ್ರ ದಶಕಗಳಿಂದ ಬೀದಿಯಲ್ಲೂ ಕೋರ್ಟಿನಲ್ಲೂ ನಡೆದಿದೆ. 2019ರಲ್ಲಿ ಆ ಗಿರಿಯ ಕಾಫಿಗೆ ‘ಬಾಬಾಬುಡನ್‌ಗಿರೀಸ್ ಅರೇಬಿಕಾ’ ಎಂದೇ ಭೌಗೋಳಿಕ ಗುರುತು ದೊರೆಯಿತು. ಬಾಬಾರ ಹೆಸರು ಸರಕಿಗೆ ಬೇಕು, ಬೆಟ್ಟಕ್ಕೆ ಬೇಡ ಎಂಬಂಥ ವಿಚಿತ್ರವನ್ನು ನಾವೀಗ ನೋಡುತ್ತಿದ್ದೇವೆ.

ಪೊಟ್ಟಣ ದಾಟಿಬಿಡುವ ಎರಡನೆಯ ಹೆಸರು ಕೊಯ್ಯುವವರದು. ಆರು ಕೆ.ಜಿ. ಹಣ್ಣಿಗೆ ಸುಮಾರು ಒಂದು ಕೆ.ಜಿ. ಹಸಿರು ಬೀಜ ಸಿಗುತ್ತದೆ, ಹುರಿದಾಗ ಅದರ ತೂಕ ಇನ್ನಷ್ಟು ಇಳಿಯುತ್ತದೆ. ಅಂದರೆ ಕಾಲು ಕೆ.ಜಿ. ಪೊಟ್ಟಣದ ಹಿಂದೆ ಸುಮಾರು ಎರಡು ಕೆ.ಜಿ. ಹಣ್ಣಿದೆ. ಈ ಬಗೆಯ ಕಾಫಿಗೆ ಮಾಗಿದ ಹಣ್ಣನ್ನಷ್ಟೇ ಆರಿಸಿ ಬಿಡಿಸಬೇಕು. ಒಂದೇ ಗಿಡಕ್ಕೆ ಮತ್ತೆ ಮತ್ತೆ ಹೋಗಬೇಕು. ಕಾಯಿ ಯಾವುದು, ಹಣ್ಣು ಯಾವುದು ಎಂದು ಗುರುತಿಸುವ ಆ ಕಣ್ಣು ತಪ್ಪಿದರೆ ಹುರಿಯುವವನ ಜಾಣತನ ಕೆಲಸಕ್ಕೆ ಬರುವುದಿಲ್ಲ. ಆದರೂ ಹುರಿದವನ ಕೈಗುಣಕ್ಕೆ ಹೊಗಳಿಕೆ, ಬಿಡಿಸಿದವಳ ಬೆರಳಿಗೆ ಬರೀ ಕಿಲೋ ಲೆಕ್ಕ.

ಈಗ ಕೊಡಗು, ಚಿಕ್ಕಮಗಳೂರಿನ ತೋಟಗಳು ನಡೆಯುತ್ತಿರುವುದು ಬಹುಮಟ್ಟಿಗೆ ಹೊರಗಿನಿಂದ ಬಂದವರಿಂದ. ಅಸ್ಸಾಮ್, ಬಂಗಾಳ, ಜಾರ್ಖಂಡ್‌ಗಳಿಂದ ಬಂದ ಇವರ ಮೂಲವನ್ನೂ ಕೇಳುವವರಿದ್ದಾರೆ. ಕೇಳುವ ದನಿ ಮಾತ್ರ ಬೇರೆ. 2020ರ ಜನವರಿಯಲ್ಲಿ ಕೊಡಗಿನಲ್ಲಿ ಪೊಲೀಸರು ಸಾವಿರಾರು ವಲಸೆ ಕಾರ್ಮಿಕರನ್ನು ಕರೆಸಿ ದಾಖಲೆ ಪರಿಶೀಲಿಸಿದರು. ಬಂಗಾಳಿ ಮಾತಾಡುವ ಮುಸ್ಲಿಮನಾದರೆ ಬಾಂಗ್ಲಾದೇಶಿಯೇ ಇರಬೇಕೆಂಬ ಅನುಮಾನ ಅವನ ಬೆನ್ನು ಬಿಡುವುದಿಲ್ಲ. ಬೀಜದ ಮೂಲವನ್ನು ಹೆಮ್ಮೆಯಿಂದ ಅಚ್ಚು ಹಾಕಿಸುವ ಸಮಾಜವೇ ಅದನ್ನು ಕೊಯ್ದವನ ಮೂಲವನ್ನು ಅಪರಾಧದಂತೆ ವಿಚಾರಿಸುತ್ತದೆ. ಆ ಒಂದು ಬಟ್ಟಲಿನಲ್ಲಿ ಈ ಎರಡೂ ಇವೆ.

ವ್ಯಾಪಾರದಲ್ಲಿ ಇಷ್ಟೆಲ್ಲ ಸಾಧ್ಯವೇ ಎನ್ನುವವರಿಗೆ ಕಾಫಿಯ ಚರಿತ್ರೆಯೇ ಉತ್ತರ ಕೊಡುತ್ತದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ತಾವೇ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರ ಆಗಸ್ಟ್‌ನಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ. ಬಡಿಸುವವರೇ ಅಲ್ಲಿ ಮಾಲೀಕರಾದರು. ಇಂದು ಅರಕು ಆಂಧ್ರದ ಆದಿವಾಸಿ ಸಣ್ಣ ಬೆಳೆಗಾರರನ್ನು ಮರೆಮಾಚದೆ, ಅವರ ಕಣಿವೆಯ ಹೆಸರಿನಲ್ಲೇ ಮಾರುತ್ತಿದೆ. ಹೆಸರು ಹೇಳಿದ್ದರಿಂದ ಕಾಫಿಯ ರುಚಿ ಕೆಡಲಿಲ್ಲ.

ಇನ್ನೊಂದು ಮಾತು. 1511ರಲ್ಲಿ ಮಕ್ಕಾದಲ್ಲಿ ಕಾಫಿಯನ್ನು ನಿಷೇಧಿಸಿದ್ದರು. ಕುಡಿಯಲು ಸೇರಿದ ಜನ ಏನು ಮಾತಾಡಿಕೊಳ್ಳುತ್ತಾರೋ ಎಂಬ ಭಯವೂ ಅದಕ್ಕೊಂದು ಕಾರಣ. ಕೈರೋದ ಅಧಿಕಾರ ಆ ನಿಷೇಧವನ್ನು ಒಪ್ಪಲಿಲ್ಲ, ಅದು ಬಹುಕಾಲ ನಿಲ್ಲಲೂ ಇಲ್ಲ. ಇಂದು ಅಂಥ ಅಪ್ಪಣೆ ಬೇಕಿಲ್ಲ. ಒಂದು ಬಟ್ಟಲಿಗೆ ಇನ್ನೂರು ರೂಪಾಯಿ ಎಂದರೆ ಆ ಕಟ್ಟಡಕ್ಕೆ ಗಾರೆ ಕಲಸಿದವನು ತಾನಾಗಿಯೇ ಹೊರಗುಳಿಯುತ್ತಾನೆ.

ಕೂಲಿಯವನ ಬೆವರು ಆರುವ ಮುನ್ನ ಅವನ ಕೂಲಿ ಕೊಡಿ ಎಂಬುದು ಪ್ರವಾದಿಯವರ (ಸ) ಬೋಧನೆಯೆಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ತಾಜಾತನಕ್ಕೆ ಇದೂ ಒಂದು ಅಳತೆ. ಹುರಿದ ತಾರೀಖಿನ ಪಕ್ಕದಲ್ಲಿ ಇನ್ನೆರಡು ಸಾಲಿಗೆ ಜಾಗವಿದೆ: ಈ ಹಣ್ಣನ್ನು ಕೊಯ್ದವರು ಯಾವ ಊರಿನವರು, ಅವರಿಗೆ ಕಿಲೋಗೆ ಸಿಕ್ಕಿದ್ದೆಷ್ಟು. ಗಿರಾಕಿ ಕೇಳಿದರೆ ಅಂಗಡಿಯವರು ಅಚ್ಚು ಹಾಕಿಸುತ್ತಾರೆ. ಎತ್ತರವನ್ನೂ ತಳಿಯನ್ನೂ ಅವರು ಹಾಕಿಸಿದ್ದು ಗಿರಾಕಿಗೆ ಅದು ಬೇಕೆನಿಸಿದ್ದರಿಂದಲೇ. ಕಾಫಿಗೆ ಗುರುತು ಸಿಕ್ಕ 2019ರಲ್ಲೇ ಕಲಬುರಗಿಯ ತೊಗರಿಬೇಳೆಗೂ ಭೌಗೋಳಿಕ ಗುರುತು ಸಿಕ್ಕಿದೆ. ನಾಳೆ ಚಿತ್ತಾಪುರದ ಎರೆಮಣ್ಣಿನ ಹೆಸರು ಹೊತ್ತ ಬೇಳೆ ಪೊಟ್ಟಣ ಅಂಥದೇ ಅಂಗಡಿಯ ಕಪಾಟು ಸೇರಬಹುದು. ಆಗಲೂ ಕೇಳಬೇಕಾದ ಪ್ರಶ್ನೆ ಇದೇ: ತೊಗರಿ ಕೊಯ್ದು ರಾಶಿ ಮಾಡಿದವರು ಯಾರು, ಅವರ ಕೈಗೆ ಬಂದದ್ದೆಷ್ಟು?